ಕಪಾಟಿನ ಹಿಂದೆ ಕೂತವಳು

ಆ ದೊಡ್ಡ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆ ಬರಬೇಕಾದ ಒಂದು ಬಾಕಿ ಇನ್ನೂ ಬಂದಿಲ್ಲ. ದುಡ್ಡಿನ ಬಾಕಿಯಾಗಿದ್ದರೆ ಯಾರಾದರೊಬ್ಬ ವಕೀಲನಾದರೂ ಸಿಗುತ್ತಿದ್ದ. ಇದು ಊಟವಾದ ಮೇಲೆ ಒಂದಿಷ್ಟು ಹೊತ್ತು ಕೂತುಕೊಳ್ಳುವ ಬಾಕಿ. ಹಿಂದೊಮ್ಮೆ ಗೇಟಿನ ಮುಂದೆ ಬಿಸಿಲಲ್ಲಿ ಕೂಗಿ, ಗಂಟಲು ಹರಿದುಕೊಂಡು, ಮಧ್ಯಾಹ್ನ ಹೆಂಗಸರನ್ನು ಕೂರಲು ಬಿಡುತ್ತೇವೆ, ಕೂರಲು ಬೆಂಚನ್ನೂ ಹಾಕಿಸುತ್ತೇವೆ ಎಂದು ಆಡಳಿತದವರ ಬಾಯಲ್ಲೇ ಹೇಳಿಸಿದ್ದಾಗಿತ್ತು. ಅವರು ಹೇಳಿದರು, ಇವರು ಚಪ್ಪಾಳೆ ತಟ್ಟಿದರು, ಎಲ್ಲರೂ ಕೆಲಸಕ್ಕೆ ಹೋದರು. ಬೆಂಚು ಬರಲಿಲ್ಲ. ಬೆಂಚು ಬಂದ ಮೇಲೆ ಕೂರುವ ಹೊತ್ತಿನ ಮಾತು ಎಂದು ಅದನ್ನೂ ಮುಂದೆ ಹಾಕಿದರು.

ಈ ಬಾಕಿಯನ್ನು ತಪ್ಪು ಮನುಷ್ಯರ ಹತ್ತಿರ ವಸೂಲು ಮಾಡಿಕೊಂಡ ಒಬ್ಬಳ ಕತೆ ಇದು.

ಅವಳನ್ನು ಅಲ್ಲಿ ಎಲ್ಲರೂ ಗಡಿಬಿಡಿ ಎಂದೇ ಕರೆಯುತ್ತಿದ್ದರು. ಬರುವಾಗಲೂ ಓಟ, ಹೋಗುವಾಗಲೂ ಓಟ. ಊಟದ ಡಬ್ಬಿಯ ಮುಚ್ಚಳ ತೆಗೆಯುವಾಗಲೇ ಮುಚ್ಚುವ ಯೋಚನೆ. ಇದ್ದದ್ದು ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಸೊಂಟ ಮುರಿದುಕೊಂಡು ಮಂಚ ಹಿಡಿದ ಅತ್ತೆ. ಅವರಿಗೆ ಕಾಲು ಆಡುತ್ತಿರಲಿಲ್ಲ, ಗಂಟಲು ಚೆನ್ನಾಗಿಯೇ ಆಡುತ್ತಿತ್ತು. ಹಿಂದಿನ ಕೋಣೆಯಲ್ಲಿ ಒಲೆ, ಪಾತ್ರೆ, ಇಬ್ಬರು ಮಕ್ಕಳ ಪುಸ್ತಕ, ಎಂದೂ ಪೂರ್ತಿ ಒಣಗದ ಯೂನಿಫಾರ್ಮು. ಗಂಡ ಬಸ್ ಡ್ರೈವರ್. ಅವನು ಯಾವ ಪಾಳಿಯಲ್ಲಿದ್ದರೂ ಮನೆಯಲ್ಲಿದ್ದಷ್ಟು ಹೊತ್ತು ಅವನ ಮೊಬೈಲಿನೊಳಗೆ ಯಾರೋ ಯಾರಿಗೋ ಬೈಯುತ್ತಲೇ ಇರುತ್ತಿದ್ದರು. ಒಳಗಿನಿಂದ ಚಿಲಕ ಹಾಕಿಕೊಳ್ಳಲು ಆ ಮನೆಯಲ್ಲಿ ಇದ್ದದ್ದು ಬಚ್ಚಲು ಮಾತ್ರ. ಅಲ್ಲಿ ಒಂದು ಚೊಂಬು ನೀರು ಹೆಚ್ಚಿಗೆ ಸುರಿದುಕೊಂಡರೂ ಬಾಗಿಲು ಬಡಿಯುತ್ತಿತ್ತು. ಮಗನಿಗೆ ಸಾಕ್ಸು ಕಾಣುತ್ತಿರಲಿಲ್ಲ, ಮಗಳಿಗೆ ಬಾಚಣಿಗೆ ಕಾಣುತ್ತಿರಲಿಲ್ಲ, ಅತ್ತೆಗೆ ಎಡಗಡೆ ಹೊರಳಬೇಕಾಗಿರುತ್ತಿತ್ತು, ಗಂಡ ಏನೇ ಒಳಗೇ ಸಂಸಾರ ಹೂಡಿದೆಯಾ ಎಂದು ಕೇಳುತ್ತಿದ್ದ. ಅವಳು ಸೋಪಿನ ನೊರೆ ಕಿವಿಯಲ್ಲಿಟ್ಟುಕೊಂಡೇ ಹೊರಗೆ ಬರುತ್ತಿದ್ದಳು.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳದು ಶೀಟು ಮಡಚುವ ಕೆಲಸ. ವಾರ್ಡುಗಳಿಂದ ಬಂದ ಬಟ್ಟೆಯನ್ನು ಕೊಳೆ ಕೋಣೆಯಲ್ಲಿ ಬೇರೆ ಬೇರೆ ಮಾಡುತ್ತಾರೆ, ಒಗೆಯುತ್ತಾರೆ, ಹಿಂಡುತ್ತಾರೆ. ಕೊನೆಗೆ ಇಸ್ತ್ರಿ ಮಾಡುವ ಬಿಸಿ ರೋಲರಿನ ಬಾಯಿಂದ ಶೀಟು ಹಪ್ಪಳದ ಹಾಗೆ ಹೊರಗೆ ಬರುತ್ತದೆ. ಬಿಸಿ ಆರುವ ಮೊದಲೇ ಮಡಚಬೇಕು. ಆರಿದರೆ ಹೇಗೆ ಬಿದ್ದಿರುತ್ತದೋ ಹಾಗೇ ಸುಕ್ಕು ಹಿಡಿದು ಮತ್ತೆ ರೋಲರಿಗೆ ಹೋಗಬೇಕಾಗುತ್ತದೆ. ಅಷ್ಟು ಉದ್ದದ ಶೀಟು ಒಬ್ಬರ ಕೈಗೆ ಬಗ್ಗುವುದಿಲ್ಲ. ಅದಕ್ಕೇ ಜೋಡಿ. ಎದುರು ಬದುರು ನಿಂತು ಎರಡೆರಡು ಮೂಲೆ ಹಿಡಿದು ಪಟ್ಟನೆ ಎಳೆಯಬೇಕು, ಒಬ್ಬಳು ಇನ್ನೊಬ್ಬಳ ಕಡೆಗೆ ನಡೆದು ಬಂದು ತನ್ನ ಮೂಲೆಗಳನ್ನು ಅವಳ ಬೆರಳಿಗೆ ಸಿಕ್ಕಿಸಬೇಕು, ಬಗ್ಗಿ ಕೆಳಗಿನ ಮಡಿಕೆ ಹಿಡಿಯಬೇಕು, ಮತ್ತೆ ಹಿಂದೆ ಸರಿಯಬೇಕು. ಬೆಳಗಿನಿಂದ ಸಂಜೆಯವರೆಗೆ ಇದೇ.

ಗಡಿಬಿಡಿಯ ಜೋಡಿ ದೊಡ್ಡಕ್ಕ. ಅಲ್ಲಿನ ಹೆಂಗಸರಲ್ಲೆಲ್ಲ ಹಿರಿಯಳು. ಮೊಣಕಾಲಿನ ಕೆಳಗೆ ನರಗಳು ಹಗ್ಗದ ಹಾಗೆ ಗಂಟುಕಟ್ಟಿದ್ದವು. ಬಾಯಿ ಮಾತ್ರ ಹರಿತ. ಗಡಿಬಿಡಿ ಬೇಗ ಬೇಗ ಹೆಜ್ಜೆ ಹಾಕಿ ಮೈಮೇಲೆ ಬಂದಾಗೆಲ್ಲ, ನಿಧಾನ ಕಣೇ, ನನ್ನನ್ನೂ ಸೇರಿಸಿ ಮಡಚಿಬಿಟ್ಟೀಯ ಎಂದು ನಗಿಸುತ್ತಿದ್ದಳು.

ಮೊದಲ ಸಲ ಅದು ತಾನಾಗಿಯೇ ಆಯಿತು. ಮಡಚಿದ ಶೀಟುಗಳನ್ನು ಇಟ್ಟು ಬರಲು ಗಡಿಬಿಡಿ ಪಕ್ಕದ ಉಗ್ರಾಣಕ್ಕೆ ಹೋಗಿದ್ದಳು. ಅಲ್ಲಿ ಗೋಡೆಗೂ ಹಿಂದಿನ ಕಬ್ಬಿಣದ ಕಪಾಟಿಗೂ ನಡುವೆ ಒಬ್ಬರು ಹಿಡಿಸುವಷ್ಟು ಸಂದು. ಕೆಳಗೆ ಬಿದ್ದ ದಿಂಬಿನ ಚೀಲ ಎತ್ತಿಕೊಳ್ಳಲು ಒಳಗೆ ತೂರಿದವಳು ಹಾಗೇ ಕೂತುಬಿಟ್ಟಳು. ಶೀಟುಗಳ ಬಿಸಿ ಬೆನ್ನಿಗೆ ತಾಗುತ್ತಿತ್ತು. ರೋಲರಿನ ಗದ್ದಲ ಗೋಡೆಯಾಚೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಯಾರೂ ಅಮ್ಮಾ ಅನ್ನಲಿಲ್ಲ, ಏನೇ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ತಲೆಯೊಳಗಿನ ಸಂತೆಯವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿಕೊಂಡು ಎದ್ದು ಹೋದರು. ತನ್ನ ಉಸಿರು ತನಗೇ ಕೇಳಿಸಿತು. ಇಷ್ಟು ವರ್ಷ ಉಸಿರಾಡುತ್ತಲೇ ಇದ್ದಳು, ಕೇಳಿಸಿಕೊಂಡಿರಲಿಲ್ಲ. ಎದ್ದು ಬಂದಾಗ ಮುಖ ತೊಳೆದ ಹಾಗಿತ್ತು.

ಮರುದಿನ ಬೇಕೆಂದೇ ಹೋದಳು. ಆಮೇಲೆ ದಿನವೂ ಹೋದಳು. ಬರಿಗೈಯಲ್ಲಿ ಹೋಗಲು ಒಂದು ನೆಪ ಬೇಕಲ್ಲ, ಹೊಟ್ಟೆ ಸರಿಯಿಲ್ಲ ಅಕ್ಕಾ, ಬಾತ್‌ರೂಮಿಗೆ ಹೋಗಿ ಬರ್ತೀನಿ ಎಂದಳು. ದೊಡ್ಡಕ್ಕ ಹೋಗು ಹೋಗು ಎಂದಳು. ನಂಬಿದಳು. ನಂಬಿದ್ದಷ್ಟೇ ಆಗಿದ್ದರೆ ಗಡಿಬಿಡಿ ಹೇಗೋ ತಡೆದುಕೊಳ್ಳುತ್ತಿದ್ದಳೋ ಏನೋ. ದೊಡ್ಡಕ್ಕ ಮನೆಯಿಂದ ಫ್ಲಾಸ್ಕಿನಲ್ಲಿ ಕಾಯಿಸಿ ಆರಿಸಿದ ನೀರು ತರತೊಡಗಿದಳು. ಖಾರದ್ದು ಮುಟ್ಟಬೇಡ ಎಂದು ತನ್ನ ಡಬ್ಬಿಯ ಮೆತ್ತಗಿನ ಅನ್ನವನ್ನು ಇವಳ ಡಬ್ಬಿಗೆ ಹಾಕಿ, ಇವಳ ಖಾರದ ಪಲ್ಯವನ್ನು ತಾನು ತಿಂದಳು. ಗಡಿಬಿಡಿ ಆ ನೀರು ಕುಡಿದಳು, ಆ ಅನ್ನ ಉಂಡಳು. ಆದರೂ ಊಟದ ನಂತರ ಎದ್ದು ಕಪಾಟಿನ ಹಿಂದೆ ಹೋಗುತ್ತಿದ್ದಳು. ಇದು ನನಗೆ ಬರಬೇಕಾದದ್ದೇ ತಾನೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಬರಬೇಕಾದದ್ದು ನಿಜ. ಆಡಳಿತದ ಕೈಯಿಂದ ಕಿತ್ತುಕೊಳ್ಳಬೇಕಾದದ್ದನ್ನು ಅವಳು ದೊಡ್ಡಕ್ಕನ ಸೊಂಟದಿಂದ ಕಿತ್ತುಕೊಳ್ಳುತ್ತಿದ್ದಳು.

ಏಕೆಂದರೆ ಅವಳು ಕೂತಿದ್ದಾಗ ರೋಲರು ಕೂತಿರಲಿಲ್ಲ. ಶೀಟು ಬರುತ್ತಲೇ ಇತ್ತು. ಮಡಚುವ ಮೇಜಿನ ಪಕ್ಕದ ಗೋಡೆಯಲ್ಲಿ, ಹಳೆಯ ಫ್ಯಾನು ಕಿತ್ತ ಜಾಗದಲ್ಲಿ, ಒಂದು ಕಬ್ಬಿಣದ ಕೊಕ್ಕೆ ಉಳಿದುಕೊಂಡಿತ್ತು. ದೊಡ್ಡಕ್ಕ ಶೀಟಿನ ಎರಡು ಮೂಲೆ ಸೇರಿಸಿ ಆ ಕೊಕ್ಕೆಗೆ ಸಿಕ್ಕಿಸಿ, ತಾನು ಇತ್ತ ಕಡೆಯಿಂದ ಎಳೆದು, ಅತ್ತ ಓಡಿ, ಇತ್ತ ಓಡಿ ಒಬ್ಬಳೇ ಮಡಚುತ್ತಿದ್ದಳು. ಹಾಗೆ ಮಾಡಬಾರದೆಂದು ಅಲ್ಲಿ ಎಲ್ಲರಿಗೂ ಗೊತ್ತು. ಬಿಸಿ ಬಟ್ಟೆ ಕೊಕ್ಕೆಗೆ ಸಿಕ್ಕರೆ ಮೂಲೆ ತೂತು ಬೀಳುತ್ತದೆ. ಆದರೆ ಆರಿ ಸುಕ್ಕಾದರೆ ಜೋಡಿಯ ಇಬ್ಬರಿಗೂ ಬೈಗುಳ. ಇವಳನ್ನು ಬೈಗುಳದಿಂದ ಉಳಿಸಲು ದೊಡ್ಡಕ್ಕ ಕೊಕ್ಕೆಯನ್ನು ಜೋಡಿ ಮಾಡಿಕೊಂಡಿದ್ದಳು.

ಗಡಿಬಿಡಿಗೆ ಇದು ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ದಿನ ಹಿಂತಿರುಗಿ ಬಂದಾಗ ಕೊಕ್ಕೆಯ ತುದಿಯಲ್ಲಿ ಬಿಳಿ ನೂಲು ಸಿಕ್ಕಿಕೊಂಡಿತ್ತು. ನೋಡಿದಳು. ದೊಡ್ಡಕ್ಕ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದದ್ದನ್ನೂ ನೋಡಿದಳು. ಮುಖ ಆ ಕಡೆ ತಿರುಗಿಸಿ ತನ್ನ ಎರಡು ಮೂಲೆ ಹಿಡಿದು ನಿಂತಳು.

ವಾರ್ಡಿನ ನರ್ಸುಗಳಿಂದ ದೂರು ಬಂತು. ಮೂಲೆ ತೂತಾದ ಶೀಟುಗಳು ಗುಡ್ಡೆಯಾಗಿ ವಾಪಸು ಬಂದವು. ಸೂಪರ್‌ವೈಸರ್ ರೋಲರು ನಿಲ್ಲಿಸಿ ಎಲ್ಲರನ್ನೂ ಮೇಜಿನ ಸುತ್ತ ಕರೆದ. ಅವನು ಕೆಟ್ಟವನೇನಲ್ಲ, ಮೇಲಿನವರು ಒದ್ದರೆ ಕೆಳಗಿನವರಿಗೆ ದಾಟಿಸುವವನು, ಅಷ್ಟೆ. ತೂತಿನೊಳಗೆ ಬೆರಳು ತೂರಿಸಿ ತೋರಿಸಿ, ಕೊಕ್ಕೆಗೆ ಸಿಕ್ಕಿಸಿದವರು ಯಾರು ಎಂದು ಕೇಳಿದ.

ದೊಡ್ಡಕ್ಕ ಮುಂದೆ ಬಂದಳು. "ನಾನೇ ಸಾರ್. ಒಬ್ಬಳೇ ಇದ್ದಾಗ ಕೈ ಸಾಲಲ್ಲ."

"ಒಬ್ಬಳೇ ಯಾಕೆ? ನಿನಗೆ ಜೋಡಿ ಇಲ್ವಾ?"

"ಪಾಪ, ಅವಳಿಗೆ ಹೊಟ್ಟೆ ಸರಿಯಿಲ್ಲ. ಬಾತ್‌ರೂಮಿಗೆ ಹೋಗಿರ್ತಾಳೆ."

ಸೂಪರ್‌ವೈಸರ್ ಗುಡ್ಡೆಯ ಕಡೆ ನೋಡಿದ. "ಇಷ್ಟು ಶೀಟು ಹರಿಯೋವರೆಗೂ ಹೋಗಿರ್ತಾಳಾ? ನಿನ್ನ ಕೈಲಿ ಈಗ ಆಗಲ್ಲ ಅಂತ ಒಪ್ಕೊಳ್ಳಮ್ಮಾ. ಅದು ಬಿಟ್ಟು ಚಿಕ್ಕವಳ ಮೇಲೆ ಯಾಕೆ ಸುಳ್ಳು ಹೇಳ್ತೀಯ?" ಆಮೇಲೆ ಗಡಿಬಿಡಿಯ ಕಡೆ ತಿರುಗಿದ. "ನೀನು ಅಷ್ಟು ಹೊತ್ತು ಹೋಗಿರ್ತೀಯಾ?"

ಹೌದು ಅಂದಿದ್ದರೆ ಎಲ್ಲಿಗೆ ಎಂಬ ಪ್ರಶ್ನೆ ಬರುತ್ತಿತ್ತು. "ಬೇಗ ಬಂದುಬಿಡ್ತೀನಿ ಸಾರ್," ಎಂದಳು ಗಡಿಬಿಡಿ.

ದೊಡ್ಡಕ್ಕ ತಿರುಗಿ ಅವಳ ಮುಖ ನೋಡಿದಳು. ಸಿಟ್ಟಿನಿಂದಲ್ಲ, ಹುಷಾರಿಲ್ಲದವಳು ಹೆದರಿಕೊಂಡಿದ್ದಾಳೆ ಎಂದುಕೊಂಡವಳ ಹಾಗೆ. ನೆಲ ಬಾಯಿಬಿಟ್ಟಿದ್ದರೆ ಗಡಿಬಿಡಿ ಖುಷಿಯಿಂದ ಇಳಿದುಹೋಗುತ್ತಿದ್ದಳು. ನೆಲ ಗಟ್ಟಿ ಕಾಂಕ್ರೀಟಿನದು.

ಅವತ್ತೇ ದೊಡ್ಡಕ್ಕನನ್ನು ಕೊಳೆ ಕೋಣೆಗೆ ಹಾಕಿದರು. ರಕ್ತ, ಕೀವು, ವಾಂತಿ ಹತ್ತಿದ ಬಟ್ಟೆಯ ಗಂಟು ಬಿಚ್ಚಿ, ಬಗ್ಗಿ ಬಗ್ಗಿ ಬೇರೆ ಮಾಡುವ ಜಾಗ ಅದು. ಹೊಸದಾಗಿ ಸೇರಿದವರನ್ನು ಅಲ್ಲಿಗೆ ಹಾಕುತ್ತಾರೆ. ಮೊಣಕಾಲಿನ ನರ ಗಂಟುಕಟ್ಟಿದವರನ್ನು ಯಾರೂ ಹಾಕಿರಲಿಲ್ಲ. ಅವಳ ಜಾಗಕ್ಕೆ ಬಂದವಳಿಗೆ ರೇಡಿಯೋ ಎಂದು ಹೆಸರು, ಬಾಯಿ ಮುಚ್ಚುತ್ತಿರಲಿಲ್ಲವಾದ್ದರಿಂದ. ರೇಡಿಯೋ ತನ್ನ ನಾದಿನಿಯ ಸಂಗತಿಯನ್ನೆಲ್ಲ ಶೀಟಿನ ಜೊತೆ ಮಡಚಿ ಮಡಚಿ ಇಡುತ್ತಿದ್ದಳು. ಗಡಿಬಿಡಿ ಹೂಂಗುಟ್ಟುತ್ತಿದ್ದಳು.

ಮಾರನೆಯ ದಿನವೂ ಅವಳು ಕಪಾಟಿನ ಹಿಂದೆ ಹೋದಳು ಎಂದರೆ ನೀವು ನಂಬಲಿಕ್ಕಿಲ್ಲ. ಹೋದಳು. ಅಭ್ಯಾಸವಾದ ಕಾಲು. ಕೂತಳು, ಕಣ್ಣು ಮುಚ್ಚಿದಳು. ಕೊಳೆ ಕೋಣೆ ಅವಳ ಎದುರಿನ ಗೋಡೆಯ ಆಚೆಗೇ ಇದೆ. ಗಂಟು ಎತ್ತಿ ಹಾಕುವ ಧಬ್ ಸದ್ದು, ಆಮೇಲೆ ಕೆಮ್ಮು, ಆಮೇಲೆ ಮತ್ತೆ ಧಬ್. ಅಷ್ಟು ದಿನವೂ ಅಲ್ಲಿ ಯಾರೋ ಗಂಟು ಎತ್ತಿ ಹಾಕುತ್ತಿದ್ದರು, ಆ ಸದ್ದು ಅವಳ ಕಿವಿಗೆ ಬಿದ್ದಿರಲಿಲ್ಲ. ಕೂತಲ್ಲಿಂದ ಎದ್ದಳು.

ಮನೆಯಲ್ಲಿ ಒಗೆದ ಹೊದಿಕೆ ಮಡಚಲು ಅಪರೂಪಕ್ಕೆ ಗಂಡನನ್ನು ಕರೆದಳು. ಅವನು ಮೊಬೈಲು ಜೇಬಿಗಿಟ್ಟು ಎರಡು ಮೂಲೆ ಹಿಡಿದು ಹತ್ತಿರ ಬಂದು, ಇದೇನು ಮಡಚೋದಾ ಮುತ್ತು ಕೊಡೋದಾ ಎಂದು ನಕ್ಕ. ಅವಳ ಕೈಯಿಂದ ಹೊದಿಕೆ ಜಾರಿತು. ಮುಖ ಮುಚ್ಚಿಕೊಂಡು ಅತ್ತಳು, ಅಲ್ಲೇ ಎಲ್ಲ ಹೇಳಿದಳು. ಗಂಡ ಹೊದಿಕೆಯನ್ನು ತಾನೇ ಮುದ್ದೆ ಮಾಡಿ ಮೂಲೆಗಿಟ್ಟ. ಒಳ್ಳೆಯವನೇ. ಒಳ್ಳೆಯವರು ಹೇಳುವ ಮಾತನ್ನೇ ಹೇಳಿದ: ಆದದ್ದು ಆಯ್ತು, ಬಾಯಿ ಮುಚ್ಚಿಕೊಂಡಿರು, ಈಗ ಹೋಗಿ ಹೇಳಿದರೆ ಕೆಲಸ ಹೋಗುತ್ತೆ, ಅಮ್ಮನ ಔಷಧಿ ಯಾರು ತರ್ತಾರೆ. ಮಂಚದ ಮೇಲಿಂದ ಅತ್ತೆ, ಏನಂತೆ ಅವಳಿಗೆ ಎಂದರು. ಹೊಟ್ಟೆನೋವಂತೆ ಎಂದ ಗಂಡ.

ಆ ವಾರವೇ ಆಸ್ಪತ್ರೆಯವರಿಗೆ ಸಿಬ್ಬಂದಿಯ ಮೇಲೆ ಪ್ರೀತಿ ಉಕ್ಕಿತು. ಮನಸ್ಸಿನ ನೆಮ್ಮದಿಯ ಬಗ್ಗೆ ಮಾತಾಡಲು ಒಬ್ಬರನ್ನು ಕರೆಸಿದರು. ಕೈ ತೊಳೆಯುವ ಬೇಸಿನ್ನುಗಳ ಮುಂದಿನ ಖಾಲಿ ಜಾಗದಲ್ಲಿ ಹೆಂಗಸರನ್ನು ಸಾಲಾಗಿ ನಿಲ್ಲಿಸಿದರು, ಏಕೆಂದರೆ ಕೂರಿಸಲು ಏನೂ ಇರಲಿಲ್ಲ. ಕೊಳೆ ಕೋಣೆಯವರನ್ನು, ಕೈ ಗಲೀಜು ಇರುತ್ತದೆಂದು, ಕರೆಯಲಿಲ್ಲ. ಬಂದವರು ಮೆತ್ತಗಿನ ದನಿಯಲ್ಲಿ, ಎಷ್ಟೇ ಕೆಲಸವಿದ್ದರೂ ದಿನಕ್ಕೆ ಒಂದಿಷ್ಟು ಹೊತ್ತು ನಿಮಗಾಗಿ ಇಟ್ಟುಕೊಳ್ಳಿ ಎಂದರು. ಮಾತಿನಲ್ಲಿ ತಪ್ಪೇನಿರಲಿಲ್ಲ. ನಿಂತೇ ನೆಮ್ಮದಿ ಪಡ್ಕೊಳ್ಳೋಕೆ ನಾವೇನು ಕುದುರೆಗಳಾ ಎಂದು ರೇಡಿಯೋ ಪಿಸುಗುಟ್ಟಿ ಸಾಲನ್ನೆಲ್ಲ ನಗಿಸಿದಳು. ಈಗ ಕಣ್ಣು ಮುಚ್ಚಿ ನಿಮಗೆ ಶಾಂತಿ ಕೊಟ್ಟ ಜಾಗವೊಂದನ್ನು ನೆನೆಸಿಕೊಳ್ಳಿ ಎಂದು ಬಂದವರು ಹೇಳಿದರು. ಗಡಿಬಿಡಿ ಕಣ್ಣು ಮುಚ್ಚಿದಳು. ಕಂಡದ್ದು ಕಪಾಟಲ್ಲ. ಕೊಕ್ಕೆ, ಅದರ ತುದಿಯ ಬಿಳಿ ನೂಲು. ಸಾಲು ಬಿಟ್ಟು ನಡೆದಳು. ಎಲ್ಲಿಗೆ ಎಂದು ಸೂಪರ್‌ವೈಸರ್ ಕೇಳುವಷ್ಟರಲ್ಲಿ ಕೊಳೆ ಕೋಣೆಯ ಬಾಗಿಲು ತಳ್ಳಿದ್ದಳು.

ದೊಡ್ಡಕ್ಕ ಮೊಣಕೈವರೆಗೆ ಗ್ಲೌಸು ಹಾಕಿಕೊಂಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಗಂಟೊಂದರ ಮೇಲೆ ಬಗ್ಗಿದ್ದಳು.

"ಅಕ್ಕಾ, ನನಗೆ ಹೊಟ್ಟೆನೋವು ಇರಲಿಲ್ಲ."

"ಹೋಯ್ತಾ? ಒಳ್ಳೇದಾಯ್ತು ಬಿಡು."

"ಹೋಗಿದ್ದಲ್ಲ ಅಕ್ಕಾ. ಯಾವತ್ತೂ ಇರಲೇ ಇಲ್ಲ. ಉಗ್ರಾಣದಲ್ಲಿ ಕಪಾಟಿನ ಹಿಂದೆ ಹೋಗಿ ಕೂತಿರ್ತಿದ್ದೆ."

ದೊಡ್ಡಕ್ಕ ನೆಟ್ಟಗಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಕೂತು ಏನು ಮಾಡ್ತಿದ್ದೆ?"

"ಏನೂ ಇಲ್ಲ. ಸುಮ್ಮನೆ."

"ಸುಮ್ಮನೆ." ದೊಡ್ಡಕ್ಕ ಬಾಯಿಗೆ ಕಟ್ಟಿದ್ದ ಬಟ್ಟೆ ಕೆಳಗೆಳೆದಳು. "ನಿನ್ನ ಹೊಟ್ಟೆ ತೋರಿಸೋಕೆ ಒಳ್ಳೇ ಡಾಕ್ಟರ್ ಯಾರು ಅಂತ ನಾನು ಬೀದಿಯವರನ್ನೆಲ್ಲ ಕೇಳ್ಕೊಂಡು ಬಂದೆ ಕಣೇ."

ಗಡಿಬಿಡಿ ತಲೆ ತಗ್ಗಿಸಿದಳು. ಕಾಲಿನ ಹತ್ತಿರ ಯಾರದೋ ರಕ್ತ ಒಣಗಿದ ಶೀಟು ಬಿದ್ದಿತ್ತು. ಅದನ್ನೇ ನೋಡಿದಳು.

"ಹೇಳಿದ್ರೆ ಏನಾಗ್ತಿತ್ತೇ? ಇವತ್ತು ನೀನು ಕೂರು, ನಾಳೆ ನಾನು ಕೂರ್ತೀನಿ ಅಂತಿದ್ದೆ. ನನಗೆ ಕೂರಬೇಕು ಅನ್ಸಲ್ವಾ? ನನ್ನ ಕಾಲೇನು ಮರದ್ದಾ?"

ಗಡಿಬಿಡಿ ಅಳತೊಡಗಿದಳು. ದೊಡ್ಡಕ್ಕ ಸಮಾಧಾನ ಮಾಡಲಿಲ್ಲ. "ನನ್ನ ಮುಂದೆ ಅತ್ತು ಹಗುರಾಗಿ ಹೋಗಬೇಡ. ಅವನು ಎಲ್ಲರ ಮುಂದೆ ನನ್ನನ್ನ ಸುಳ್ಳುಬುರುಕಿ ಮಾಡಿದ. ನೀನೂ ಎಲ್ಲರ ಮುಂದೇನೇ ಹೇಳು."

ಮರುದಿನ ಬೆಳಿಗ್ಗೆ ಹಾಜರಿ ಕರೆಯುವಾಗ, ರೋಲರು ಇನ್ನೂ ಶುರುವಾಗಿರದ ಹೊತ್ತಿನಲ್ಲಿ, ಗಡಿಬಿಡಿ ಹೇಳಿದಳು. ಭಾಷಣವೇನಿಲ್ಲ. ಹೊಟ್ಟೆನೋವು ಸುಳ್ಳು, ದೊಡ್ಡಕ್ಕ ಹೇಳಿದ್ದು ನಿಜ, ನಾನು ಕಪಾಟಿನ ಹಿಂದೆ ಕೂತಿರುತ್ತಿದ್ದೆ, ಕೊಕ್ಕೆಯಲ್ಲಿ ನೂಲು ನೋಡಿಯೂ ಸುಮ್ಮನಿದ್ದೆ, ತೂತು ನನ್ನ ಲೆಕ್ಕಕ್ಕೆ ಬರೆಯಿರಿ ಎಂದಳು. ಕಿವಿ ಕಾದ ಕಬ್ಬಿಣವಾಗಿತ್ತು. ಸತ್ಯ ಹೇಳಿದ ಮೇಲೆ ಮನಸ್ಸು ಹಗುರಾಗುತ್ತದೆ ಎಂದು ಎಲ್ಲೋ ಕೇಳಿದ್ದಳು. ಆಗಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ಆಡಳಿತದ ನ್ಯಾಯ ಹೀಗಿತ್ತು: ಗಡಿಬಿಡಿಯನ್ನೂ ಕೊಳೆ ಕೋಣೆಗೆ ಹಾಕಿದರು. ದೊಡ್ಡಕ್ಕನನ್ನು ವಾಪಸು ಮೇಜಿಗೆ ಕರೆಯಲಿಲ್ಲ; ಒಂದು ಸಲ ಬದಲಾಯಿಸಿದ್ದು ಬದಲಾಯಿಸಿದ್ದೇ ಎಂದರು. ಉಗ್ರಾಣಕ್ಕೆ ಬೀಗ ಬಿತ್ತು. ಬೀಗ ಬಿದ್ದದ್ದಕ್ಕೆ ಬೇರೆ ಹೆಂಗಸರೂ ಅವಳ ಮೇಲೆ ಮುಖ ಗಂಟಿಕ್ಕಿದರು. ಅಲ್ಲಿಗೆ ನೀನೊಬ್ಬಳೇ ಹೋಗ್ತಿದ್ದೆ ಅಂದ್ಕೊಂಡಿದ್ದೆಯಾ ಎಂದು ರೇಡಿಯೋ ಹಂಗಿಸಿದಳು. ಅವಳೂ ಹೋಗುತ್ತಿದ್ದಳಂತೆ, ಬಾಯಿಗೆ ರಜ ಕೊಡಲು. ಇನ್ನೊಬ್ಬಳು ಮೆಟ್ಟಿಲ ಕೆಳಗೆ, ಮತ್ತೊಬ್ಬಳು ಕೆಟ್ಟು ನಿಂತ ಲಿಫ್ಟಿನೊಳಗೆ. ಪ್ರತಿಯೊಬ್ಬಳಿಗೂ ಒಂದೊಂದು ಸಂದು, ಪ್ರತಿಯೊಬ್ಬಳಿಗೂ ಒಂದೊಂದು ಹೊಟ್ಟೆನೋವು. ಗೇಟಿನ ಮುಂದೆ ಒಟ್ಟಿಗೆ ಕೂಗಿದ್ದ ಹೆಂಗಸರೇ ಇದನ್ನು ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಬಚ್ಚಿಟ್ಟುಕೊಂಡಿದ್ದರು.

ಕೊಳೆ ಕೋಣೆಯಲ್ಲಿ ದೊಡ್ಡಕ್ಕ ಅವಳ ಜೊತೆ ಮಾತಾಡಲಿಲ್ಲ. ಕೆಲಸಕ್ಕೆ ಬೇಕಾದಷ್ಟು, ಇದು ಎತ್ತು, ಅದು ಇಡು, ಅಷ್ಟೇ. ಡಬ್ಬಿ ಬಿಚ್ಚುವಾಗ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಗಡಿಬಿಡಿ ಭಾರದ ಗಂಟುಗಳನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ದೊಡ್ಡಕ್ಕ ಅದನ್ನು ನೋಡಿದಳೋ ಇಲ್ಲವೋ, ತೋರಿಸಿಕೊಳ್ಳಲಿಲ್ಲ.

ಹೀಗೇ ಬಹಳ ದಿನ ಹೋದ ಮೇಲೆ ಒಂದು ಮಧ್ಯಾಹ್ನ ದೊಡ್ಡಕ್ಕ ಗ್ಲೌಸು ಕಿತ್ತು, ಮೂಲೆಯಲ್ಲಿದ್ದ ಸೋಪಿನ ಪುಡಿಯ ದೊಡ್ಡ ಖಾಲಿ ಡಬ್ಬ ಬೋರಲು ಹಾಕಿ, ಅದರ ಮೇಲೆ ಕೂತಳು. ನಾನು ಕೂರ್ತೀನಿ, ನೀನು ಮಾಡು ಎಂದು ಕಣ್ಣು ಮುಚ್ಚಿದಳು. ಗಡಿಬಿಡಿ ಇಬ್ಬರ ಕೆಲಸ ಒಬ್ಬಳೇ ಮಾಡತೊಡಗಿದಳು. ಗಂಟು ಬಿಚ್ಚಬೇಕು, ಎತ್ತಬೇಕು, ತಳ್ಳುಗಾಡಿಗೆ ಹಾಕಬೇಕು, ಅಷ್ಟರಲ್ಲಿ ಇನ್ನೊಂದು ಗಂಟು. ಬೆನ್ನಿನಲ್ಲಿ ಹಗ್ಗ ಬಿಗಿದ ಹಾಗಾಯಿತು. ಕೊಕ್ಕೆಗೂ ಮೇಜಿಗೂ ನಡುವೆ ಓಡಾಡಿದ ಹೆಂಗಸಿನ ಸೊಂಟ ಹೇಗಿದ್ದಿರಬೇಕು ಎಂದು ಆಗ ತಿಳಿಯಿತು. ಊಹೆಯಿಂದ ತಿಳಿದದ್ದಲ್ಲ, ಬೆನ್ನಿನಿಂದ.

ಸೂಪರ್‌ವೈಸರ್ ಬಾಗಿಲಲ್ಲಿ ನಿಂತು, ಇದೇನಿದು ಎಂದ.

"ಅಕ್ಕ ಕೂತಿದ್ದಾರೆ ಸಾರ್," ಎಂದಳು ಗಡಿಬಿಡಿ. "ಅವರ ಪಾಲಿನದು ನಾನು ಮಾಡ್ತಿದ್ದೀನಿ. ಕೆಲಸ ನಿಂತಿಲ್ಲ. ಬೆಂಚು ಬರೋವರೆಗೂ ಹೀಗೇನೇ."

ಅವನು ಒಳಗೆ ಕಾಲಿಡಲು ಹೇಸಿ ಹೊರಟುಹೋದ. ದೊಡ್ಡಕ್ಕ ಕಣ್ಣು ತೆರೆಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಎದ್ದು, ಗ್ಲೌಸು ಹಾಕಿಕೊಂಡು, ಡಬ್ಬವನ್ನು ಕಾಲಲ್ಲಿ ಇವಳ ಕಡೆಗೆ ತಳ್ಳಿದಳು. ಗಡಿಬಿಡಿ ಬೇಡ ಅಕ್ಕಾ, ನನಗೆ ಬೇಡ ಎಂದಳು.

"ಕೂರೇ. ನಾಟಕ ಮಾಡಬೇಡ."

ಕೂತಳು. ಕೈ ತೊಡೆಯ ಮೇಲಿಟ್ಟುಕೊಂಡಳು. ಎದುರಿಗೆ ದೊಡ್ಡಕ್ಕ ಬಗ್ಗಿ ಎದ್ದು, ಬಗ್ಗಿ ಎದ್ದು ಕೆಲಸ ಮಾಡುತ್ತಿದ್ದಳು. ಕಪಾಟಿನ ಹಿಂದೆ ಸಿಕ್ಕ ಆ ಮೌನ ಬರಲಿಲ್ಲ. ಕಣ್ಣು ಮುಚ್ಚಲು ಮನಸ್ಸೇ ಬರಲಿಲ್ಲ. ನಾಚಿಕೆ ಪಕ್ಕದಲ್ಲೇ ಕೂತಿತ್ತು, ಇವತ್ತಿಗೂ ಅವಳ ಸರದಿ ಬಂದಾಗಲೆಲ್ಲ ಕೂರುತ್ತದೆ. ಆದರೂ ಅವಳು ಕೂರುತ್ತಾಳೆ, ಎಲ್ಲರಿಗೂ ಕಾಣುವ ಹಾಗೆ. ಈಗ ರೋಲರಿನ ಹೆಂಗಸರೂ ಸರದಿ ಹಾಕಿಕೊಂಡಿದ್ದಾರೆ. ಕೆಲಸದ ಹೊತ್ತಿನಲ್ಲಿ ಕೂರಬಾರದೆಂದು ಆಡಳಿತ ಎರಡು ಸಲ ನೋಟಿಸು ಅಂಟಿಸಿದೆ.

ಓದುತ್ತಿರುವವರೇ, ನೀವು ಈಗ ಎಲ್ಲೋ ಒಂದು ಕಡೆ ಕೂತಿದ್ದೀರಿ. ಕೂರಿ, ಅದು ನಿಮಗೆ ಬೇಕು. ಆದರೆ ಈ ಹೊತ್ತಿನಲ್ಲಿ ನಿಮ್ಮ ಪಾಲಿನ ಕೆಲಸ ಯಾರ ಕೈಯಲ್ಲಿದೆ? ಹೆಂಡತಿಯೋ, ಅಮ್ಮನೋ, ಪಕ್ಕದ ಮೇಜಿನವರೋ, ಮನೆ ಗುಡಿಸುವವಳೋ? ಆ ವ್ಯಕ್ತಿ ಯಾರೆಂದು ಬಾಯಿಬಿಟ್ಟು ಹೇಳಿ. ಗೊತ್ತಿಲ್ಲದಿದ್ದರೆ ಎದ್ದು ಹೋಗಿ ನೋಡಿ. ಅವರ ಕೈಯಲ್ಲಿರುವುದನ್ನು ಇಸಿದುಕೊಳ್ಳಿ, ಅವರನ್ನು ಕೂರಿಸಿ, ಅವರು ಸಾಕು ಎನ್ನುವವರೆಗೆ ನೀವು ನಿಂತಿರಿ.